ತೂಬಿನ ಹ್ಯಾಂಡಲ್

ನೀರುಗಂಟಿಯ ಹೆಂಡತಿ ನಿನ್ನೆ ತೂಬಿನ ಹ್ಯಾಂಡಲನ್ನು ಗೋಣಿಚೀಲದಲ್ಲಿ ಸುತ್ತಿ ಕಳಿಸಿದರು. ಊರವರು ಈ ಸಲದಿಂದ ನೀರು ಬಿಡುವ ಕೆಲಸ ನನಗೆ ಒಪ್ಪಿಸಿದ್ದಾರೆ. ಹಳೇ ಗ್ರೀಸು, ತುಕ್ಕು, ಎಲೆಯಡಿಕೆ... ಮೂರೂ ಬೆರೆತ ವಾಸನೆ. ಎರಡು ಸಲ ಸೋಪು ಹಾಕಿ ತೊಳೆದರೂ ಕೈಯಿಂದ ಹೋಗಲಿಲ್ಲ.

ಅಜ್ಜಂಪುರದ ಕಡೆಯ ನಮ್ಮೂರ ಕೆರೆಯ ತೂಬೆತ್ತಿ, ಗದ್ದೆಗದ್ದೆಗೆ ಪಾಳಿಯಂತೆ ನೀರು ಹಂಚುವುದು ನೀರುಗಂಟಿಗೆ ತಲೆತಲಾಂತರದಿಂದ ಬಂದ ಕೆಲಸ. ಕೈಕೆಳಗೆ ನಾವು ನಾಲ್ವರು, ಹೆಂಡತಿ ಮಕ್ಕಳಿದ್ದವರೇ. ಅವರ ಸ್ವಂತ ಗದ್ದೆಗೆ ನೀರು ಎಲ್ಲರದ್ದೂ ಮುಗಿದ ಮೇಲೆ. ನಾವು ತಪ್ಪು ಮಾಡಿದರೆ ಒಬ್ಬನನ್ನೇ ಏರಿಯ ಮೇಲೆ ಕರೆದೊಯ್ದು ಬೆವರಿಳಿಸುತ್ತಿದ್ದರು. ಊರವರ ಎದುರು ಒಂದು ಮಾತೂ ಅಂದವರಲ್ಲ. ಇದೆಂಥ ಯಜಮಾನಿಕೆ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಆಗ ನನಗಿದ್ದ ಬುದ್ಧಿಯೇ ಅಷ್ಟು.

ಏಳು ವರ್ಷದ ಹಿಂದೆ ಒಂದು ಬೇಸಿಗೆ, ಕೆರೆಯ ತಳ ಕಾಣುತ್ತಿತ್ತು. ಕಾಲುವೆಯ ಕೊನೆಯ ಗದ್ದೆಯವನ ಪಾಳಿಯ ದಿನ, ನಾನು ಅಡ್ಡ ಮಣ್ಣು ಕಟ್ಟಿ ನೀರನ್ನು ನನ್ನ ಮಾವನ ಗದ್ದೆಗೆ ತಿರುಗಿಸಿದೆ. ಒಂದೇ ಗಂಟೆ ಎಂದುಕೊಂಡಿದ್ದೆ. ಮಧ್ಯಾಹ್ನ ಕೊನೆಯ ಗದ್ದೆಯವನು ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ಗುದ್ದಲಿ, ಮಚ್ಚು ಹಿಡಿದು ಬಂದ. ಸಿಕ್ಕವರಿಗೆ ಸಿಕ್ಕಲ್ಲಿ ಹೊಡೆದರು. ನಮ್ಮಲ್ಲೊಬ್ಬನ ಹಲ್ಲು ಮುರಿದು ಬಾಯಿತುಂಬ ರಕ್ತ. ನನ್ನನ್ನು ಕಾಲುವೆಯ ಕೆಸರಿಗೆ ಕೆಡವಿ ತಲೆ ಅದುಮಿದರು. ಉಸಿರು ಕಟ್ಟಿತು...

"ಯಾವನ್ಲೇ ನೀರ್ ತಿರುಗ್ಸಿದ್ದು?"

"ನಾನೇ ಹೇಳಿ ತಿರುಗ್ಸಿದ್ದು ಕಣಯ್ಯ. ನನ್ನೋರ್ನ ಬಿಡು."

ನೀರುಗಂಟಿಯ ದನಿ. ಕೊನೆಯ ಗದ್ದೆಯವನ ಗುದ್ದಲಿ ಅವರ ಬಲಭುಜಕ್ಕೆ ಬಿತ್ತು. ಮೂಳೆ ಮುರಿದ ಸದ್ದು ಕೆಸರಲ್ಲಿದ್ದ ನನಗೂ ಕೇಳಿಸಿತು. ನಮ್ಮವನೊಬ್ಬ ಮಚ್ಚು ಕಿತ್ತುಕೊಂಡು ನುಗ್ಗಿದ. ರಕ್ತ ಸುರಿಸುತ್ತಲೇ ಅವರು ಅಡ್ಡ ನಿಂತು, "ಕೆಳಗಿಡ್ಲೇ" ಎಂದರು. ಇಟ್ಟ.

ತರೀಕೆರೆಯ ಆಸ್ಪತ್ರೆಯಲ್ಲಿ, ಏರಿಯಿಂದ ಜಾರಿಬಿದ್ದೆ ಎಂದೇ ಬರೆಸಿದರು. ಎಲ್ಲರೂ ಹೊರಗೆ ಹೋದ ಮೇಲೆ ನನ್ನೊಬ್ಬನನ್ನೇ ಮಂಚದ ಪಕ್ಕ ಕೂರಿಸಿಕೊಂಡು ಬೆವರಿಳಿಸಿದರು. "ನೀನೇ ಹೋಗಿ ಅವನ್ಗೆ ನಿಜ ಹೇಳು. ನಾನ್ ಹೇಳಲ್ಲ" ಎಂದರು.

ಹೂಂ ಎಂದೆ. ಹೇಳಲಿಲ್ಲ. ಹೆದರಿಕೆ, ಅದಕ್ಕಿಂತ ನಾಚಿಕೆ... ಆ ಭುಜ ಮತ್ತೆ ಸರಿಹೋಗಲಿಲ್ಲ. ಎಡಗೈಯಲ್ಲೇ ತೂಬೆತ್ತುತ್ತ ಏಳು ವರ್ಷ ಕಳ್ಳ ಎನಿಸಿಕೊಂಡರು. ಹೋದ ತಿಂಗಳು ತೀರಿಕೊಂಡರು.

ಈ ಬೆಳಿಗ್ಗೆ ತೂಬೆತ್ತಲು ಹೋದಾಗ ಕೊನೆಯ ಗದ್ದೆಯವನೂ ಏರಿಯ ಮೇಲಿದ್ದ. "ನೀನಾದ್ರೂ ನೆಟ್ಟಗೆ ಬಿಡಪ್ಪ. ಆ ಮುದುಕನ್ ಥರ ಮಾಡ್ಬೇಡ" ಎಂದ.

ಹ್ಯಾಂಡಲ್ ಕೆಳಗಿಟ್ಟೆ. "ಅವ್ರಲ್ಲ, ನಾನು ತಿರುಗ್ಸಿದ್ದು. ಅವ್ರಿಗೆ ಗೊತ್ತೇ ಇರ್ಲಿಲ್ಲ."

ನನ್ನ ಕೊರಳಪಟ್ಟಿ ಹಿಡಿದು ಕಪಾಳಕ್ಕೆ ಬಿಗಿದ. ಮತ್ತೆ ಬಿಗಿದ. ತುಟಿ ಒಡೆದು ಬಾಯಿ ಉಪ್ಪುಪ್ಪಾಯಿತು. ನಾನು ಬಿಡಿಸಿಕೊಳ್ಳಲಿಲ್ಲ. ಮೂರನೆಯ ಏಟಿಗೆ ಎತ್ತಿದ ಕೈ ಹಾಗೇ ನಿಂತಿತು.

"ಅವ್ರ ಮಣ್ಣಿಗೂ ಹೋಗ್ಲಿಲ್ಲ ಕಣೋ ನಾನು..." ಎಂದ.

ನಾನು ಹೋಗಿದ್ದೆ. ಹೆಗಲೂ ಕೊಟ್ಟಿದ್ದೆ. ಅವರ ಮುರಿದ ಭುಜ ನನ್ನ ಕಡೆಗೇ ಇತ್ತು.