ಉಷಾರಾಣಿ ಡಾಕ್ಟರ ತಂಗಿಯರು

ಹುಣಸೂರಿನ ಆ ನರ್ಸಿಂಗ್ ಹೋಮಿನಲ್ಲಿ ಡಾಕ್ಟರ್ ಉಷಾರಾಣಿಯವರಿಗೆ ಇದ್ದಷ್ಟು ತಂಗಿಯರು ಇಡೀ ತಾಲ್ಲೂಕಿನಲ್ಲಿ ಯಾರಿಗೂ ಇರಲಿಲ್ಲ. ಆಪರೇಷನ್ ಕಾಗದದಲ್ಲಿ ಮನೆಯವರು ಸಹಿ ಹಾಕುವ ಜಾಗ ಖಾಲಿ ಉಳಿದರೆ ಡಾಕ್ಟರೇ ಪೆನ್ನು ತೆಗೆದು ಸಹಿ ಹಾಕಿ, ಸಂಬಂಧ ಎನ್ನುವಲ್ಲಿ ‘ಅಕ್ಕ’ ಎಂದು ಬರೆಯುತ್ತಿದ್ದರು. ಕದ್ದುಮುಚ್ಚಿ ಅಲ್ಲ, ಎಲ್ಲರ ಎದುರಿಗೇ. ನರ್ಸುಗಳು ನಗುತ್ತಿದ್ದರು. ಯಾರದೋ ಮಗಳನ್ನು ಯಾರೂ ತಮ್ಮವಳು ಎನ್ನದ ಊರಿನಲ್ಲಿ ಅದೊಂದು ರೂಢಿಯಾಗಿ ಹೋಗಿತ್ತು.

ಪಿರಿಯಾಪಟ್ಟಣದ ಕಿರಾಣಿ ಅಂಗಡಿ ನೀಲಕಂಠಸ್ವಾಮಿಯವರ ಮಗಳು ಈ ಉಷಾರಾಣಿ. ಹಲ್ಲಿನ ಡಾಕ್ಟರಿಕೆ ಓದಿ, ಅದರ ಮೇಲೆ ದವಡೆ ಮತ್ತು ಮುಖದ ಸರ್ಜರಿ ಕಲಿತು ಬಂದಾಗ, “ಹಲ್ ಕೀಳಕ್ಕೆ ಇಷ್ಟು ವರ್ಷ ಬೇಕಾಯ್ತೇನವ್ವ?” ಎಂದು ನೆಂಟರು ಕೇಳಿದ್ದರು. ಕೆಲಸಕ್ಕೇನೂ ಬರವಿರಲಿಲ್ಲ. ಹೆಲ್ಮೆಟ್ಟನ್ನು ಟ್ಯಾಂಕಿನ ಮೇಲಿಟ್ಟುಕೊಂಡು ಹೋಗುವ ಗಂಡುಮಕ್ಕಳನ್ನು ಮೈಸೂರು–ಹುಣಸೂರು ಹೆದ್ದಾರಿ ದಿನವೂ ಒದಗಿಸುತ್ತಿತ್ತು. ಒಡೆದ ದವಡೆಗೆ ತಂತಿ ಬಿಗಿಯುವುದರಲ್ಲೇ ಉಷಾರಾಣಿಯವರ ಯೌವನ ಕಳೆಯಿತು.

ಹೀಗಿರುವಾಗ ಪಕ್ಕದ ತಾಲ್ಲೂಕಿನ ಹ್ಯಾಂಡ್‌ಪೋಸ್ಟಿನಿಂದ ಪುಷ್ಪಾ ಬಂದಳು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುತ್ತಿದ್ದ ಅವಳ ದವಡೆಯನ್ನು ಯಾವನೋ ಕುಡುಕ ಬಾಟಲಿಯಲ್ಲಿ ಹೊಡೆದು ಮುರಿದಿದ್ದ. ನೋವಿನಲ್ಲೂ ಅವಳು ಕೆನ್ನೆ ಹಿಡಿದುಕೊಂಡೇ ಹೇಳಿದ್ದಳು: “ಎಂಗೂ ಬಿಚ್ತೀರಲ್ಲ ಮೇಡಂ, ಅಂಗೇ ವಸಿ ಸಣ್ಣ ಮಾಡ್ಬುಡಿ. ಈ ಗಂಡ್ ದವಡೆ ಒತ್ಕೊಂಡು ತಿರ್ಗಿ ಸಾಕಾಗೋಯ್ತು.”

ಉಷಾರಾಣಿಗೆ ನಗು ಬಂತು. ಆಮೇಲೆ ನಿದ್ದೆ ಬರಲಿಲ್ಲ. ದೂರದ ಊರಿನಲ್ಲಿ ಗುರುಗಳೊಬ್ಬರನ್ನು ಹುಡುಕಿಕೊಂಡು ಹೋಗಿ, ಹುಬ್ಬಿನ ಮೇಲಿನ ಉಬ್ಬು ಮೂಳೆ ತೇಯುವುದನ್ನೂ ದವಡೆಯ ಮೂಲೆ ಇಳಿಸುವುದನ್ನೂ ಕಲಿತು ಬಂದರು. ಪುಷ್ಪಾ ತನ್ನಂಥವರನ್ನು ಒಬ್ಬೊಬ್ಬರನ್ನಾಗಿ ಕರೆತರತೊಡಗಿದಳು. ಪ್ರತಿಯೊಬ್ಬರಿಗೂ ಉಷಾರಾಣಿಯವರ ಮೊದಲ ಪ್ರಶ್ನೆ ಒಂದೇ: “ಈ ಹೊಸ ಮುಖ ಇಟ್ಕೊಂಡು ಮೊದ್ಲು ಎಲ್ಲಿಗೆ ಹೋಗ್ತೀಯಮ್ಮ?” ಒಬ್ಬಳು ಸಂತೆಗೆ ಎಂದಳು, ಇನ್ನೊಬ್ಬಳು ಅಕ್ಕನ ಮನೆಗೆ ಎಂದಳು. ವರ್ಷಗಳು ಕಳೆದವು. ಡಾಕ್ಟರ ಕುತ್ತಿಗೆಗೆ ಪಟ್ಟಿ ಬಂತು, ಬೆರಳುಗಳು ಬೆಳಿಗ್ಗೆ ಜೋಮು ಹಿಡಿಯತೊಡಗಿದವು.

ಈ ಸಲ ಬಂದವಳು ಸಂಘಮಿತ್ರ. ಹ್ಯಾಂಡ್‌ಪೋಸ್ಟಿನಲ್ಲಿ ಬ್ಲೌಸ್ ಹೊಲಿಯುವವಳು. ಅದೇ ಪ್ರಶ್ನೆಗೆ ಅವಳು, “ಎಲ್ಗೂ ಇಲ್ಲ ಮೇಡಂ. ಬಸ್ಸಲ್ಲಿ ಕೂತ್ರೆ ಪಕ್ದೋರು ಎದ್ದೋಗ್ಬಾರ್ದು, ಅಷ್ಟೇಯ” ಎಂದಳು.

ಗುರುವಾರಕ್ಕೆ ಆಪರೇಷನ್ ಗೊತ್ತಾಯಿತು. ಬುಧವಾರ ಹೊಸ ಮ್ಯಾನೇಜರ್ ಸುನೀಲ್‌ಕುಮಾರ್ ಹಳೆಯ ಆಪರೇಷನ್ ಕಾಗದಗಳನ್ನು ಹಿಡಿದುಕೊಂಡು ಬಂದ.

“ಮೇಡಂ, ನಿಮ್ಮ ತಂದೆಗೆ ಒಟ್ಟು ಎಷ್ಟು ಜನ ಮಕ್ಕಳು?”

“ಲೆಕ್ಕ ತಪ್ಪೋಗಿದೆ ಕಣಪ್ಪ.”

“ತಮಾಷೆ ಅಲ್ಲ. ಆಪರೇಷನ್ ಮಾಡೋರೇ ಮನೆಯವ್ರು ಅಂತ ಸಹಿ ಹಾಕೋದು ಯಾವ ನ್ಯಾಯ? ನಾಳೆ ಹೆಚ್ಚುಕಮ್ಮಿ ಆದ್ರೆ? ಇನ್ಮೇಲೆ ರಕ್ತ ಸಂಬಂಧಿನೇ ಬರ್ಬೇಕು. ಇಲ್ದಿದ್ರೆ ಥಿಯೇಟರ್ ಬಾಗಿಲು ತೆಗೆಯಲ್ಲ.”

ಅವನು ಹೇಳಿದ್ದರಲ್ಲಿ ಅರ್ಧ ಸರಿಯಿತ್ತು. ಆ ಅರ್ಧವೇ ಉಷಾರಾಣಿಯವರನ್ನು ಚುಚ್ಚಿತು.

ಉಷಾರಾಣಿಯವರ ಮೈಸೂರಿನ ಮನೆಯಿಂದ ಹುಣಸೂರಿಗೆ ಹೋಗುವ ದಾರಿಯಲ್ಲೇ ಬಿಳಿಕೆರೆ. ಅಲ್ಲಿ ರಸ್ತೆ ಬದಿಯ ಪಂಕ್ಚರ್ ಅಂಗಡಿ ಸಂಘಮಿತ್ರಳ ಅಪ್ಪ ಅಂಕಯ್ಯನದು. ಗುರುವಾರ ಬೆಳಿಗ್ಗೆ ಉಷಾರಾಣಿ ಕಾರು ನಿಲ್ಲಿಸಿದರು. ಅಂಕಯ್ಯ ಟೈರು ನೋಡಲು ಬಗ್ಗಿದ.

“ಟೈರ್ ಸರಿಯಾಗಿದೆ ಅಂಕಯ್ಯ. ನಿಮ್ಮ ಮಗಳ ವಿಷ್ಯ ಮಾತಾಡ್ಬೇಕು.”

“ನಂಗೆ ಮಗ್ಳಿಲ್ಲ ಕಣವ್ವ. ಮಗ ಒಬ್ಬ ಇದ್ದ, ಮಹೇಶ ಅಂತ.”

“ಒಂದು ಸಹಿ ಹಾಕಿ ಸಾಕು. ಊರಿನವ್ರಿಗೆ ಗೊತ್ತಾಗಲ್ಲ.”

ಅಂಕಯ್ಯ ಕೈಗೆ ಹತ್ತಿದ ಮಸಿಯನ್ನು ಬಹಳ ಹೊತ್ತು ಒರೆಸಿಕೊಂಡ. “ಅಸ್ಕೊಂಡ್ ಬಂದ್ರೆ ಅನ್ನ ಇಕ್ತೀನಿ. ಇಕ್ಕಿಲ್ಲ ಅಂದಿಲ್ಲ ನಾನು. ಸಹಿ ಆಕು ಅಂತೀರಲ್ಲ, ಅವನ ಮೂಗು ಅವ್ನ ಅಜ್ಜಂದು, ಗದ್ದ ನಂದು. ಕುಯ್ಯಿ ಅಂತ ನಾನೇ ಬರ್ಕೊಡ್ಲಾ? ನನ್ ಕೈಲಿ ಆಗಕಿಲ್ಲ, ಓಗಿ ತಾಯಿ.”

ಆ ಗದ್ದವನ್ನು ಉಷಾರಾಣಿ ನೋಡಿದರು. ಸಂಘಮಿತ್ರಳದೇ ಅಳತೆ, ಅದೇ ಅಗಲ. ಕಾಗದ ಮಡಚಿಕೊಂಡು ಕಾರು ಹತ್ತಿದರು.

ವಾರ್ಡಿನಲ್ಲಿ ಸಂಘಮಿತ್ರ ಬೆಳಗಿನಿಂದ ನೀರೂ ಮುಟ್ಟದೆ, ಹಸಿರು ಗೌನು ತೊಟ್ಟು ಕೂತಿದ್ದಳು. ಪುಷ್ಪಾ ಪಕ್ಕದಲ್ಲಿದ್ದಳು.

“ಅಪ್ಪ ಬತ್ತಾರಾ ಮೇಡಂ?”

“ಇಲ್ಲಮ್ಮ.”

“ಈ ಸಲಾನೂ ನೀವೇ ಆಕ್ಬುಡಿ, ಯಾವಾಗ್ಲೂ ಅಂಗೇ ಅಲ್ವಾ?” ಎಂದಳು ಪುಷ್ಪಾ.

ಆಗ ಉಷಾರಾಣಿಗೆ ಸಿಟ್ಟು ಬಂದದ್ದು ಸುನೀಲ್‌ಕುಮಾರನ ಮೇಲಲ್ಲ, ತಮ್ಮದೇ ಜಾಣತನದ ಮೇಲೆ. ವಯಸ್ಸಿಗೆ ಬಂದವಳ ಮುಖಕ್ಕೆ ಅವಳ ಒಪ್ಪಿಗೆಯೇ ಸಾಕು; ಅಪ್ಪ, ಗಂಡ, ಅಣ್ಣ ಬಂದು ಹೂಂ ಅನ್ನಬೇಕೆಂದು ಯಾವ ಕಾನೂನೂ ಹೇಳಿಲ್ಲ. ಅದು ಆಸ್ಪತ್ರೆಯವರು ಕಟ್ಟಿಕೊಂಡ ಬೇಲಿ. ಅದನ್ನು ಕೀಳುವ ಬದಲು ಇಷ್ಟು ವರ್ಷ ಅಕ್ಕ ಎಂಬ ಸುಳ್ಳಿನ ಸಂದಿಯಲ್ಲಿ ಎಲ್ಲರನ್ನೂ ತೂರಿಸಿದ್ದರು. ಬೇಲಿ ಮಾತ್ರ ಗಟ್ಟಿಯಾಗುತ್ತಲೇ ಹೋಗಿತ್ತು.

ಮನೆಯವರ ಸಹಿಯ ಜಾಗಕ್ಕೆ ಉದ್ದಕ್ಕೆ ಗೆರೆ ಎಳೆದರು. “ನೀನೇ ಹಾಕು. ನಿನ್ನ ಹೆಸರು, ನಿನ್ನ ಸಹಿ.” ಅವಳು ಸಹಿ ಹಾಕಿದ ಮೇಲೆ, ಕಾಗದ ನೋಡಲು ಬಂದಿದ್ದ ಮ್ಯಾನೇಜರ್ ಕಡೆ ತಿರುಗಿ, “ಇದು ಸಾಲ್ದು ಅಂತ ಯಾವ ಕಾನೂನಲ್ಲಿದೆಯೋ ಬರೆದುಕೊಡಪ್ಪ, ನಿಲ್ಲಿಸ್ತೀನಿ” ಎಂದರು.

ಸುನೀಲ್‌ಕುಮಾರ್ ಬರೆದುಕೊಡಲಿಲ್ಲ. ಹೊರಗೆ ಹೋಗಿ ಮಾಲೀಕರ ಜೊತೆ ಫೋನಿನಲ್ಲಿ ಪಿಸುಗುಟ್ಟಿದ. ಥಿಯೇಟರ್ ಬಾಗಿಲು ತೆರೆಯಿತು.

ಸಂಜೆ ಕೈ ತೊಳೆಯುತ್ತಿದ್ದಾಗ ಅವನು ಬಾಗಿಲಲ್ಲಿ ನಿಂತ. “ಬರೋ ತಿಂಗಳಿಂದ ಗುರುವಾರ ಥಿಯೇಟರ್ ಖಾಲಿ ಇರಲ್ಲವಂತೆ ಮೇಡಂ. ಮಾಲೀಕರು ಹೇಳಿದ್ರು.”

“ಬೇರೆ ದಿನ?”

“ಯಾವ ದಿನವೂ ಇರಲ್ಲವಂತೆ.”

ಕೆ.ಆರ್. ನಗರದಲ್ಲಿ ನರ್ಸಿಂಗ್ ಹೋಮ್ ಇಟ್ಟಿರುವ ಸಹಪಾಠಿ ಪ್ರಭುಸ್ವಾಮಿಗೆ ಫೋನ್ ಮಾಡಿದರು.

“ಬಾ ಉಷಾ, ನಂದೇನೂ ತಕರಾರಿಲ್ಲ. ಅವ್ರನ್ನ ಹಿಂದಿನ ಬಾಗಿಲಿಂದ ಕರ್ಕೊಂಡ್ಬಾ, ಬೇರೆ ಪೇಷೆಂಟ್ಸು ಗೊಣಗ್ತಾರೆ.”

“ಮುಂದಿನ ಬಾಗಿಲೇ ಕಣೋ ಪ್ರಭು.”

“ಯೋಚ್ನೆ ಮಾಡಿ ಹೇಳ್ತೀನಿ” ಎಂದ. ಆ ಮಾತಿನ ಅರ್ಥ ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು.

ವಾರ್ಡಿನಲ್ಲಿ ಸಂಘಮಿತ್ರಳ ಮುಖ ಕುಂಬಳಕಾಯಿಯಂತೆ ಊದಿತ್ತು. ಬ್ಯಾಂಡೇಜಿನ ನಡುವೆ ಒಂದು ಕಣ್ಣು ಅರೆ ತೆರೆದಿತ್ತು. ಅವಳು ತುಟಿ ಅಲ್ಲಾಡಿಸಿದಳು. ಉಷಾರಾಣಿ ಕಿವಿಯನ್ನು ಹತ್ತಿರ ತಂದರು.

“ಅವ್ರ ಸಹಿ ಇಲ್ದೇನೇ ಆಯ್ತು ಅಂತ ಅಪ್ಪಂಗೆ ಯೋಳ್ಬೇಡಿ ಮೇಡಂ. ಬ್ಯಾಸ್ರ ಮಾಡ್ಕತಾರೆ.”

“ಮಾತಾಡ್ಬೇಡ, ಹೊಲಿಗೆ ಎಳೆಯುತ್ತೆ” ಎಂದು ಉಷಾರಾಣಿ ಕರಗಿದ ಐಸ್ ಚೀಲ ತೆಗೆದು ಹೊಸದನ್ನು ಇಟ್ಟರು.