ಲೋಟದ ಹಾಲಿನಲ್ಲಿ ಒಂದು ಹಲ್ಲು

ಸಂಜೆ ನಾಲ್ಕು ಗಂಟೆ ನಲವತ್ತು ನಿಮಿಷ. ಅಂಕವನ್ನೂ ಹೊತ್ತನ್ನೂ ಬರೆಯುವ ಪುಸ್ತಕ ನನ್ನ ತೊಡೆಯ ಮೇಲಿತ್ತು. ಅದಕ್ಕೇ ಹೊತ್ತು ಇಷ್ಟು ಖಚಿತವಾಗಿ ನೆನಪಿದೆ. ಗಂಡಸಿ ಊರಿನ ಶಾಲಾ ಮೈದಾನ, ಹೆಣ್ಣುಮಕ್ಕಳ ಕಬಡ್ಡಿ. ನನ್ನ ಮಗಳು ಹರ್ಷಿತಾ ರೈಡಿಗೆ ಹೊರಟಿದ್ದಳು. ಹದಿಮೂರು ವರ್ಷ.

ಅವಳ ಬಾಯಲ್ಲಿ ಮೌತ್‌ಗಾರ್ಡ್ ಇತ್ತು. ಹಲ್ಲಿನ ಸಾಲಿಗೆ ಕೂರುವ ಮೆತ್ತನೆಯ ಕವಚ. ಬಿಸಿನೀರಿನಲ್ಲಿ ಅದ್ದಿ, ಕಚ್ಚಿಸಿ, ಅಳತೆಗೆ ಕೂರಿಸಿದವಳು ನಾನೇ. ಆದರೆ ಅದನ್ನು ಹಾಕಿಕೊಂಡರೆ ‘ಕಬಡ್ಡಿ ಕಬಡ್ಡಿ’ ತೊದಲುತ್ತಿತ್ತು.

“ಏನೇ, ಬಾಯಲ್ಲಿ ಮುದ್ದೆ ಇಟ್ಕೊಂಡು ಬಂದಿದ್ದೀಯಾ?” ಎಂದಳು ಎದುರು ತಂಡದ ಹುಡುಗಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಂಪೈರ್ ನಗಲಿಲ್ಲ.

“ಕಬಡ್ಡಿ ಉಸಿರು ಸರಿಯಾಗಿ ಕೇಳಿಸ್ತಿಲ್ಲ ಕಣಮ್ಮ. ಇನ್ನೊಂದ್ಸಲ ಹಿಂಗಾದ್ರೆ ಔಟ್ ಕೊಡ್ತೀನಿ.”

ಮಗಳು ನನ್ನ ಕಡೆ ನೋಡಿದಳು.

“ತೆಗೆದು ಕೊಡು ಕಣೇ. ಒಂದು ರೈಡ್ ತಾನೆ,” ಎಂದೆ.

ತಗುಲಿದ್ದು ಯಾರದೋ ಮೊಣಕೈಯೋ ತಲೆಯೋ, ಇವತ್ತಿಗೂ ಗೊತ್ತಿಲ್ಲ. ದಿನಕ್ಕೆ ಹತ್ತು ಸಲ ಆ ಕ್ಷಣವನ್ನು ಹಿಂದಕ್ಕೆ ತಿರುಗಿಸಿ ನೋಡುತ್ತೇನೆ. ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಅವಳು ಮಣ್ಣಿನಿಂದ ಎದ್ದು ಬಾಯಿ ತೆರೆದಳು. ಮೇಲಿನ ಮುಂದಿನ ಹಲ್ಲು ಇರಲಿಲ್ಲ.

ಗಾರ್ಡ್ ನನ್ನ ಅಂಗೈಯಲ್ಲಿತ್ತು. ಇನ್ನೂ ಬೆಚ್ಚಗಿತ್ತು.

ಹಲ್ಲು ಮಧ್ಯಗೆರೆಯ ಹತ್ತಿರ ಸಿಕ್ಕಿತು, ಬೇರು ಸಮೇತ. ಸೆರಗಿಗೆ ಉಜ್ಜಲು ಹೋದೆ. ಅಷ್ಟರಲ್ಲಿ ಅರಸೀಕೆರೆಯ ಡೆಂಟಿಸ್ಟ್ ಫೋನಿಗೆ ಸಿಕ್ಕರು. “ಉಜ್ಜಬೇಡಿ. ಬೇರು ಮುಟ್ಟಬೇಡಿ. ಹಾಲಲ್ಲಿ ಹಾಕ್ಕೊಂಡು ತಕ್ಷಣ ಬನ್ನಿ.”

ಮೈದಾನದ ಪಕ್ಕದ ಮನೆಗೆ ಓಡಿದೆ. ರಂಗಮ್ಮ ಎಂಬ ಹಿರಿಯರು ಒಂದು ಲೋಟ ತಣ್ಣನೆಯ ಹಾಲು ತಂದರು. ನಾನು ಹಲ್ಲನ್ನು ಅದರೊಳಗೆ ಬಿಟ್ಟಿದ್ದನ್ನು ನೋಡಿ, “ಬಿದ್ದ ಹಲ್ಲನ್ನ ನಾವು ಸೂರಿನ ಮ್ಯಾಲೆ ಎಸೀತಿದ್ವಿ. ಇದನ್ನ ಮತ್ತೆ ನೆಡ್ತಾರಾ?” ಎಂದರು.

“ನೆಡ್ತಾರಂತೆ ಅಮ್ಮ.”

“ಹಂಗಾದ್ರೆ ಓಡು. ಲೋಟ ಆಮ್ಯಾಕೆ ಕೊಡೀವಂತೆ.”

ಅಂಪೈರ್ ತಮ್ಮ ಕಾರು ತೆಗೆದರು. ದಾರಿಯುದ್ದಕ್ಕೂ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. “ನಾನು ಹಂಗೆ ಹೇಳಬಾರ್ದಿತ್ತು ಮೇಡಂ. ತಪ್ಪು ನಂದು,” ಎಂದರು ಅವರು.

ನಾನು ಲೋಟದ ಬಾಯಿಗೆ ಸೆರಗು ಮುಚ್ಚಿದೆ.

ಡಾಕ್ಟರ್ ಹಲ್ಲನ್ನು ಅದರ ಜಾಗದಲ್ಲೇ ಕೂರಿಸಿ, ಪಕ್ಕದ ಹಲ್ಲುಗಳಿಗೆ ಸಣ್ಣ ತಂತಿಯಿಂದ ಅಲುಗದಂತೆ ಸ್ಪ್ಲಿಂಟ್ ಹಾಕಿದರು. “ಹಿಡಿಯುತ್ತೆ ಅಂತ ಈಗಲೇ ಹೇಳೋಕಾಗಲ್ಲ. ಎರಡು ವಾರ ಇದು ಇರಲಿ. ಅಷ್ಟರೊಳಗೆ ರೂಟ್ ಕೆನಾಲ್ ಶುರು ಮಾಡೋಣ.”

ಆ ಎರಡು ವಾರ ಮನೆಯಲ್ಲಿ ಗಂಜಿ, ಮೊಸರನ್ನ, ಮೆತ್ತನೆಯ ಮುದ್ದೆ. ಮುದ್ದೆಯನ್ನು ಅಗಿಯಬೇಕಿಲ್ಲವಲ್ಲ, ನುಂಗಿದರಾಯಿತು. ಅವಳನ್ನು ಹಂಗಿಸಿದ ಮುದ್ದೆಯೇ ಅವಳನ್ನು ಸಾಕಿತು. ರಾತ್ರಿ ಎರಡೆರಡು ಸಲ ಎದ್ದು, ಫೋನಿನ ಟಾರ್ಚ್ ಹಾಕಿ, ಹಲ್ಲು ಅಲ್ಲೇ ಇದೆಯೇ ಎಂದು ನೋಡುತ್ತಿದ್ದೆ. ಒಂದು ಸಲ ಅವಳು ಕಣ್ಣು ಬಿಟ್ಟಳು.

“ನಾನು ತೆಗಿ ಅನ್ನಬಾರದಿತ್ತು ಕಣೇ.”

“ನೀನು ಹೇಳದಿದ್ರೂ ತೆಗೀತಿದ್ದೆ ಅಮ್ಮ. ಎಲ್ಲ ನಗ್ತಿದ್ರಲ್ಲ. ನೀನೂ ನಕ್ಕೆ.”

ಅದನ್ನು ಅವಳು ನೋಡಿದ್ದಳೆಂದು ನನಗೆ ಗೊತ್ತಿರಲಿಲ್ಲ.

ಸ್ಪ್ಲಿಂಟ್ ಬಿಚ್ಚಿದ ದಿನ ಡಾಕ್ಟರ್ ಹಲ್ಲನ್ನು ಮೆಲ್ಲಗೆ ಮುಟ್ಟಿ ನೋಡಿದರು. “ಸದ್ಯಕ್ಕೆ ಕೂತಿದೆ. ಇನ್ನೂ ಕೆಲವು ವರ್ಷ ನೋಡ್ತಾ ಇರಬೇಕು.” ಸದ್ಯಕ್ಕೆ ಎಂಬ ಮಾತಿನ ಮೇಲೆ ನಾವು ಬದುಕಲು ಕಲಿಯುತ್ತಿದ್ದೇವೆ. ಅವಳ ಬಾಯಿಯ ಅಚ್ಚು ತೆಗೆದು ಅವರು ಹೊಸ ಗಾರ್ಡ್ ಮಾಡಿಸಿಕೊಟ್ಟರು. ಹಳೆಯದಕ್ಕಿಂತ ಚೆನ್ನಾಗಿ ಕೂರುತ್ತದೆ. ಮಾತು ಮಾತ್ರ ಇದರಲ್ಲೂ ಸ್ವಲ್ಪ ತೊದಲುತ್ತದೆ.

ಹೊಸ ಗಾರ್ಡ್ ಬಂದ ಭಾನುವಾರ ಅಂಪೈರಿಗೆ ಫೋನ್ ಮಾಡಿದೆ. ತೆಗೆಸಿದ್ದು ನಾನು, ನೀವಲ್ಲ ಎಂದೆ. ಅವರು, “ಮಗು ಕೈಲಿ ಉಸಿರು ಹಿಡಿಸಿ, ಕೇಳೋಣ,” ಎಂದರು. ನಡುಮನೆಯಲ್ಲಿ ಗಾರ್ಡ್ ಹಾಕಿಕೊಂಡು ಅವಳು ಕಬಡ್ಡಿ ಕಬಡ್ಡಿ ಎನ್ನುತ್ತ ಒಂದು ಸುತ್ತು ಬಂದಳು.

“ಕೇಳಿಸ್ತು ಬಿಡಿ,” ಎಂದರು.

ಸಂಜೆ ಗಂಡಸಿಗೆ ಹೋಗಿ, ಲೋಟದ ತುಂಬ ಬೆಲ್ಲ ಹಾಕಿ ರಂಗಮ್ಮನವರಿಗೆ ಕೊಟ್ಟು ಬಂದೆವು. ಅಂದು ರಾತ್ರಿ ಮಲಗಿದ ನನಗೆ ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲಿತ್ತು. ಮಗಳು ಪಕ್ಕದಲ್ಲಿ ಬಾಯಿ ತೆರೆದು ಮಲಗಿದ್ದಳು. ಟಾರ್ಚ್ ಬೇಕಾಗಲಿಲ್ಲ. ಹಲ್ಲು ಅಲ್ಲೇ ಇತ್ತು.