ಏಕಾಂತಪ್ಪನ ಮನೆಯ ಹೇಳಿಕೆ

ನಮ್ಮ ಬಣಕಲ್ ಸೀಮೆಯಲ್ಲಿ ಮದುವೆ ಮಾಡುವುದು ಕಷ್ಟವಲ್ಲ, ಮದುವೆಗೆ ಕರೆಯುವುದು ಕಷ್ಟ. ಗುಡ್ಡಕ್ಕೊಂದು ಮನೆ. ಈ ಮನೆಯಲ್ಲಿ ಕೆಮ್ಮಿದರೆ ಆ ಮನೆಗೆ ಕೇಳಿಸುತ್ತದೆ. ಆದರೆ ಹೋಗಿ ಮುಟ್ಟಬೇಕಾದರೆ ಹಳ್ಳ ಇಳಿದು, ಏರು ಹತ್ತಿ, ತೋಟದ ಬೇಲಿ ನುಸುಳಿ, ಕೊನೆಗೆ ಅವರ ನಾಯಿಯನ್ನೂ ಒಪ್ಪಿಸಬೇಕು. ಚಿಕ್ಕಮಗಳೂರಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕಿಸಿ ಅಂಚೆಗೆ ಹಾಕುವ ಶೋಕಿ ಆಗ ಹೊಸದಾಗಿ ಶುರುವಾಗಿತ್ತು. ನಮ್ಮವರು ಆ ಕಾಗದವನ್ನು ಉಪ್ಪಿನಕಾಯಿ ಜಾಡಿಯ ಬಾಯಿಗೆ ಕಟ್ಟುತ್ತಿದ್ದರು. ಅದು ಕರೆದ ಹಾಗಲ್ಲ. ಬಾಗಿಲಿಗೆ ಬಂದು, ಮನೆಯ ಹಿರಿಯರಿಂದ ಹೊಸ ಸೊಸೆಯವರೆಗೆ ಒಬ್ಬೊಬ್ಬರ ಹೆಸರೂ ಹಿಡಿದು, 'ಹಿಂದಿನ ದಿನವೇ ಬಂದು ಚಪ್ಪರಕ್ಕೆ ಕೈಹಾಕಿ ನಡೆಸಿಕೊಡಬೇಕು' ಎಂದು ಬಾಯಿತುಂಬ ಹೇಳಬೇಕು. ಇದಕ್ಕೆ ಹೇಳಿಕೆ ಎನ್ನುತ್ತಾರೆ. ಒಂದು ಹೆಸರು ಬಿಟ್ಟರೂ ಮೂರು ವರ್ಷ ಮಾತಿಲ್ಲ.

ಈ ಉಸಾಬರಿಗೆಂದೇ ನಮಗೆಲ್ಲ ಇದ್ದವನು ಏಕಾಂತಪ್ಪ. ಒಂದು ತುಂಡು ಗದ್ದೆ, ತೀರಿಹೋದ ಹೆಂಡತಿ, ಒಬ್ಬಳೇ ಮಗಳು ಭಾಗಮ್ಮ, ಇಷ್ಟು ಅವನ ಸಂಸಾರ. ಯಾರ ಮನೆಯ ಮದುವೆಯಾದರೂ ಯಜಮಾನರು ಅಕ್ಕಪಕ್ಕದ ನಾಲ್ಕು ಮನೆ ಕರೆದು ಉಸ್ಸಪ್ಪಾ ಎಂದು ಕೂರುತ್ತಿದ್ದರು. ಉಳಿದ ಗುಡ್ಡಗಳೆಲ್ಲ ಏಕಾಂತಪ್ಪನ ಪಾಲು. ಅವನು ಬಂದರೆ ಮನೆಯವರೇ ಬಂದ ಹಾಗೆ ಎಂದು ಊರೆಲ್ಲ ಒಪ್ಪಿತ್ತು. ಯಾವ ಮನೆಯಲ್ಲಿ ಯಾರು ಹಿರಿಯರು, ಯಾವ ಸೊಸೆ ಮುನಿಸಿಕೊಂಡು ತವರಿಗೆ ಹೋಗಿದ್ದಾಳೆ, ಯಾರ ಎದುರಿಗೆ ಯಾರ ಹೆಸರು ಎತ್ತಬಾರದು, ಎಲ್ಲ ಅವನಿಗೆ ಗೊತ್ತು. ಹೋದ ಮನೆಯಲ್ಲೆಲ್ಲ ಬೆಲ್ಲದ ಕಾಫಿ ಕುಡಿಯಲೇಬೇಕು, ಬೇಡವೆಂದರೆ ಅದಕ್ಕೂ ಕೋಪ. ಮದುವೆಯ ತಿಂಗಳುಗಳಲ್ಲಿ ಅವನು ಅನ್ನ ಉಂಡದ್ದಕ್ಕಿಂತ ಕಾಫಿ ಕುಡಿದದ್ದೇ ಹೆಚ್ಚು. ಇಪ್ಪತ್ತೆಂಟು ವರ್ಷ ಹೀಗೇ ನಡೆದ. ಸಾಕಾಗಲಿಲ್ಲವೇನೋ ಎಂದು ಒಮ್ಮೆ ಕೇಳಿದ್ದೆ. "ಸಾಕಾಗಿ ಎಷ್ಟೋ ವರ್ಷ ಆಯ್ತು ರೈಟ್ರೇ, ಹಾಗಂತ ಹೇಳೋಕೆ ಪುರುಸೊತ್ತಾಗಿಲ್ಲ" ಎಂದಿದ್ದ.

ರೈಟರ್ ಎಂದರೆ ನಾನೇ. ಅವನ ಗದ್ದೆಯ ಪಕ್ಕದ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವವನು. ಉಬ್ಬಸದ ಮನುಷ್ಯ. ಕಣದಿಂದ ಆಫೀಸಿಗೆ ನಡೆಯುವುದೇ ನನಗೆ ಒಂದು ಯಾತ್ರೆ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮೊದಲು ಭಾಗಮ್ಮನಿಗೆ ಆಲ್ದೂರು ಕಡೆಯ ಗಂಡು ಗೊತ್ತಾಯಿತು. ಏಕಾಂತಪ್ಪನ ಬಾಗಿಲಲ್ಲಿ ಮೊದಲ ಶುಭಕಾರ್ಯ. ಇನ್ನು ಹತ್ತು ದಿನ ಇದೆ ಎನ್ನುವಾಗ, ಬೇರೆ ಯಾರದೋ ಮನೆಯ ಹೇಳಿಕೆಗೆ ಹೋಗಿ ಕಾಲಿಗೆ ಮುಳ್ಳು ಮುರಿದುಕೊಂಡು ಬಂದ! ಮೂರು ದಿನದಲ್ಲಿ ಪಾದ ಕುಂಬಳಕಾಯಿಯ ಹಾಗೆ ಊದಿತು. ನೆಲಕ್ಕೆ ಊರುವ ಹಾಗಿಲ್ಲ. ಹುಡುಗಿ ತನ್ನ ಮದುವೆಗೆ ತಾನೇ ಕರೆಯುವಂತಿಲ್ಲ. ಕರೆಯದೆ ನಮ್ಮ ಜನ ಬರುವವರಲ್ಲ. ಹೆಣ್ಣಿನ ಮನೆಯಲ್ಲಿ ಜನವೇ ಇಲ್ಲವೆಂದರೆ ಗಂಡಿನವರು ಸಂಬಂಧವನ್ನೇ ಹಗುರವಾಗಿ ಕಾಣುತ್ತಾರೆ, ಆ ಮಾತನ್ನು ಭಾಗಮ್ಮ ಬದುಕಿರುವವರೆಗೂ ಕೇಳಬೇಕು. ಅವನ ಮುಖ ನೋಡಲಾರದೆ, ಯಾವ ಗಳಿಗೆಯಲ್ಲಿ ನನ್ನ ನಾಲಗೆ ತಿರುಗಿತೋ, "ನಾನು ಹೋಗಿ ಬರ್ತೀನಿ ಬಿಡು ಮಾರಾಯ" ಎಂದುಬಿಟ್ಟೆ.

ಮೂವತ್ತೆರಡು ಮನೆ. ಏರು ಹತ್ತುವಾಗ ಎದೆ ಕುಲುಮೆಯ ತಿದಿಯಾಯಿತು. ಕಷ್ಟಪಟ್ಟು ಬಾಗಿಲು ಮುಟ್ಟಿದರೆ, "ಏಕಾಂತಪ್ಪ ಯಾಕೆ ಬರ್ಲಿಲ್ಲ?" ಎಂಬ ಒಂದೇ ಪ್ರಶ್ನೆ. ಕಾಲು ನೋವು ಎಂದರೆ ನಂಬಿಕೆಯಿಲ್ಲ. ಮೂರನೆಯದು ಚೌಡಯ್ಯನವರ ಮನೆ. ದೊಡ್ಡ ಕುಳ, ಜಗಲಿಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿದ್ದರು. ನಾನು ಸುಸ್ತಿನಲ್ಲಿ ಅವರ ಅತ್ತಿಗೆಯ ಹೆಸರು ಬಿಟ್ಟೆ.

"ಊರವರ ಮದುವೆಗೆಲ್ಲ ಅವನ ಕಾಲು ನೆಟ್ಟಗಿತ್ತು. ತನ್ನ ಮಗಳ ಮದುವೆಗೆ ರೈಟರನ್ನ ಕಳಿಸಿದ್ನಾ?" ಎಂದರು ಅವರು.

ನನಗೆ ಉಸಿರೂ ಇರಲಿಲ್ಲ, ತಾಳ್ಮೆಯೂ ಇರಲಿಲ್ಲ. "ಬರೋ ಮನಸ್ಸಿದ್ರೆ ಬನ್ನಿ, ಇಲ್ಲದಿದ್ರೆ ಬಿಡಿ!" ಎಂದು ಕೂಗಿ ಇಳಿದುಬಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಒಂದು ಗುಡ್ಡ ಇಳಿಯುವಷ್ಟರಲ್ಲಿ ಆ ಮಾತು ನಾಲ್ಕು ಗುಡ್ಡ ಹತ್ತಿತ್ತು. ಮಾರನೆಯ ದಿನ ಹೋದ ಕಡೆಯೆಲ್ಲ, "ಬಂದ್ರೆ ಬನ್ನಿ ಅಂದ್ರಂತಲ್ಲ, ನೋಡೋಣ ಬಿಡಿ" ಎಂದು ಒಳಗೆ ಹೋದರು. ಯಾವ ಮನೆಯಲ್ಲೂ ಕಾಫಿ ಕೊಡಲಿಲ್ಲ. ಅಲ್ಲಿಗೆ ನನಗೆ ಅರ್ಥವಾಯಿತು. ನನ್ನ ಒಂದು ಕೋಪಕ್ಕೆ ಆ ಹುಡುಗಿಯ ಚಪ್ಪರ ಖಾಲಿಯಾಗುವುದರಲ್ಲಿತ್ತು. ಹಾಳು ನಾಲಗೆಯನ್ನು ಎಷ್ಟು ಶಪಿಸಿಕೊಂಡೆನೋ.

ಬಂದು ಏಕಾಂತಪ್ಪನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈಯುತ್ತಾನೆಂದುಕೊಂಡಿದ್ದೆ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಕಾಲು ನೋಡಿಕೊಂಡ. "ಕರೆಯೋಕೆ ಬಾಯಿ ಇದ್ರೆ ಸಾಕು. ಆ ಬಾಯಿ ಅವ್ರ ಬಾಗಿಲಿಗೆ ಹೋಗ್ಬೇಕಲ್ಲ ರೈಟ್ರೇ. ಕಂಬಳಿ ಕಟ್ಟಿ" ಎಂದ.

ಕಾಯಿಲೆಯವರನ್ನು ಮೂಡಿಗೆರೆ ಆಸ್ಪತ್ರೆಗೆ ಸಾಗಿಸುವುದು ನಮ್ಮಲ್ಲಿ ಹಾಗೆಯೇ. ಬಿದಿರಿನ ಗಳಕ್ಕೆ ಕಂಬಳಿಯನ್ನು ಜೋಲಿಯಂತೆ ಕಟ್ಟಿ, ಒಳಗೆ ಮಲಗಿಸಿ, ಹಿಂದೊಬ್ಬ ಮುಂದೊಬ್ಬ ಹೊರುವುದು. ಎಸ್ಟೇಟಿನ ಮೇಸ್ತ್ರಿ ತಮ್ಮಯ್ಯ ಮುಂದೆ, ತಪ್ಪು ಮಾಡಿದ ನಾನು ಹಿಂದೆ. ಕಂಬಳಿಯೊಳಗಿನ ಜೀವ ನೋಡುವುದಕ್ಕೆ ಕಡ್ಡಿ, ಹೊತ್ತರೆ ಬೀಸುವ ಕಲ್ಲು.

ಮೊದಲ ಮನೆ ಮುದುಕಿ ಸಿದ್ದಮ್ಮನದು. ಗಳ ಕಂಡವಳೇ ಹುಲ್ಲಿನ ಹೊರೆ ಬಿಸಾಡಿ, "ಅಯ್ಯೋ ಶಿವನೇ, ಏಕಾಂತಪ್ಪ ಹೋಗ್ಬಿಟ್ನಾ!" ಎಂದು ಎದೆ ಬಡಿದುಕೊಂಡಳು.

ಕಂಬಳಿಯಿಂದ ತಲೆ ಈಚೆ ಬಂತು. "ಹೋಗಿಲ್ಲ ಕಣವ್ವ, ಕರೆಯೋಕೆ ಬಂದಿದ್ದೀನಿ. ನೀನು, ನಿನ್ನ ಇಬ್ರು ಮಕ್ಳು, ಸೊಸೇರು, ಬಾಣಂತಿ ಮನೇಲಿರ್ಲಿ, ಉಳಿದೋರೆಲ್ಲ ಹಿಂದಿನ ದಿನವೇ ಬಂದು ನಮ್ಮ ಭಾಗಿ ಚಪ್ಪರಕ್ಕೆ ಕೈಹಾಕ್ಬೇಕು."

ಸಿದ್ದಮ್ಮ ಅಳುತ್ತಲೇ ನಕ್ಕಳು, ನಗುತ್ತಲೇ ಮೂವರಿಗೂ ಕಾಫಿ ಕೊಟ್ಟಳು. ಪ್ರತಿ ಮನೆಯಲ್ಲೂ ಅವನಿಗೆ ಎರಡು ಲೋಟ. ಮನೆಯಿಂದ ಮನೆಗೆ ಭಾರ ಹೆಚ್ಚುತ್ತಲೇ ಹೋಯಿತು.

ಚೌಡಯ್ಯನವರ ಅಂಗಳ ಮುಟ್ಟುವಾಗ ನನಗೆ ಕಣ್ಣು ಕತ್ತಲೆ ಬರುತ್ತಿತ್ತು. ಗಳ ಇಳಿಸಲೂ ಬಿಡದೆ ಏಕಾಂತಪ್ಪ ಕಂಬಳಿಯಿಂದಲೇ ಕೈಮುಗಿದ. ಅತ್ತಿಗೆಯ ಹೆಸರಿನಿಂದಲೇ ಶುರುಮಾಡಿ, ಇಡೀ ಮನೆಯನ್ನು ಕರೆದ. "ರೈಟ್ರು ಆಡಿದ ಮಾತು ನಂದೇ ಅಂತ ತಿಳ್ಕಂಡು ಹೊಟ್ಟೆಗೆ ಹಾಕ್ಕೊಳ್ಳಿ ಗೌಡ್ರೇ" ಎಂದ. ನಾನು ತಲೆ ತಗ್ಗಿಸಿ ನಿಂತಿದ್ದೆ.

ಚೌಡಯ್ಯನವರು ಮೆಟ್ಟಿಲು ಇಳಿದು ಬಂದರು. ಊದಿದ ಪಾದವನ್ನು ನೋಡಿದರು. ಬಾಯಲ್ಲಿದ್ದ ಎಲೆ ಅಡಿಕೆ ಉಗಿದು, ಹೆಗಲ ಮೇಲೆ ಟವಲು ಮಡಿಸಿ ಇಟ್ಟುಕೊಂಡರು. "ನೀವು ಈಚೆ ಬನ್ನಿ ರೈಟ್ರೇ, ನಿಮ್ಮ ಉಬ್ಬಸ ಕೇಳೋಕಾಗಲ್ಲ" ಎಂದು ನನ್ನ ಹೆಗಲಿನಿಂದ ಗಳ ತೆಗೆದುಕೊಂಡರು. ಮುಂದಿನ ಮನೆಯವರೆಗೆ ಅವರೇ ಹೊತ್ತರು. ಅಲ್ಲಿಂದ ಆ ಮನೆಯವರು, ಅಲ್ಲಿಂದಾಚೆಗೆ ಇನ್ನೊಬ್ಬರು. ಮೂರು ದಿನ ನಾನು ಬರೀ ಹಿಂದೆ ನಡೆದೆ. ಅಷ್ಟಕ್ಕೇ ಒಂದು ತಿಂಗಳು ಸೊಂಟ ಹಿಡಿದಿತ್ತು.

ಮದುವೆಯ ಹಿಂದಿನ ದಿನ ಬೆಳಿಗ್ಗೆಯೇ ಗಳ ಹೊತ್ತವರು, ಸೊಪ್ಪು ತಂದವರು, ಒರಳಿಗೆ ಕೂತ ಹೆಂಗಸರು ಎಂದು ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಚೌಡಯ್ಯನವರು ಚಪ್ಪರದ ಮೇಲೆ ಹತ್ತಿ ಎಲ್ಲರನ್ನೂ ಗದರಿಸುತ್ತಿದ್ದರು. ಏಕಾಂತಪ್ಪ ಗೋಡೆಗೆ ಒರಗಿ, ಕಾಲು ಚಾಚಿ, ಗೋಣಿಯ ಮೇಲೆ ಕೂತಿದ್ದ. ಬಂದವರಿಗೆ ಬನ್ನಿ ಎನ್ನುವ ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ. ನಾನು ಹತ್ತಿರ ಕೂತಾಗ ಮೆಲ್ಲಗೆ ಕೈ ಹಿಡಿದುಕೊಂಡ.

"ರೈಟ್ರೇ, ಇಷ್ಟು ಜನಾನೂ ನಮ್ಮನೆಗೇ ಬಂದಿದ್ದಾ?"

"ಮತ್ತೆ ಇನ್ಯಾರ ಮನೆಗೋ ಮಾರಾಯ!" ಎಂದು ಗದರಿದೆ.

ಅವನು ಅಂಗಳದ ಕಡೆ ತಿರುಗಿ, ಒಬ್ಬೊಬ್ಬರನ್ನೇ ನೋಡುತ್ತ, ತುಟಿಯಲ್ಲೇ ಅವರವರ ಹೆಸರು ಹೇಳತೊಡಗಿದ. ನಾಲ್ಕೈದು ಹೆಸರು ಆಗುವಷ್ಟರಲ್ಲಿ ಅಳು ಬಂದು, ಮುಂದಿನದು ಹೇಳಲು ಆಗಲಿಲ್ಲ.